ನೂರನೇ ದಿನದ ಟಿಕೆಟ್ ಕೊಂಡವರು ಯಾರು? ಹೌಸ್‌ಫುಲ್ ಬೋರ್ಡು, ಶತದಿನೋತ್ಸವ ಮತ್ತು ಪ್ರೇಕ್ಷಕರ ನಿಜವಾದ ಬೇಡಿಕೆ

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಮುಂದೆ ಬಂದರೆ ಸುಂಕದಕಟ್ಟೆ, ಅಲ್ಲಿ ಮೋಹನ್ ಚಿತ್ರಮಂದಿರ. ಸಿನಿಮಾ ಜಾಹೀರಾತುಗಳಲ್ಲಿ ಇಂಥ ಬಡಾವಣೆ ಚಿತ್ರಮಂದಿರಗಳ ಹೆಸರು ಬರುವುದು ಕೆಳಗಿನ ಸಾಲುಗಳಲ್ಲಿ, ಸಣ್ಣಕ್ಷರದಲ್ಲಿ, ದಿನಕ್ಕೆ ಎಷ್ಟು ಆಟ ಎಂಬ ವಿವರದ ಜೊತೆಗೆ. ಮೇಲೆ ದೊಡ್ಡಕ್ಷರದಲ್ಲಿ ರಾರಾಜಿಸುವುದು ಕೆಂಪೇಗೌಡ ರಸ್ತೆಯ ಆಸುಪಾಸಿನ ಸಂತೋಷ್, ನರ್ತಕಿ, ತ್ರಿವೇಣಿ, ಅನುಪಮಗಳಲ್ಲಿ ಯಾವುದೋ ಒಂದು. ಗಾಂಧಿನಗರದವರ ಬಾಯಲ್ಲಿ ಅದು ‘ಮೇನ್ ಥಿಯೇಟರ್’. ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ ಎಂಬ ಎಣಿಕೆಯೆಲ್ಲ ಅಲ್ಲಿಯದು. ಆಳೆತ್ತರ ಮೀರಿದ ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ ಎಲ್ಲವೂ ಅಲ್ಲಿಗೇ. ಬಡಾವಣೆಯ ಚಿತ್ರಮಂದಿರದ ಪಾಡು ಬೇರೆ. ಜನ ಬಂದರೆ ಚಿತ್ರ ಇರುತ್ತದೆ, ಬಾರದಿದ್ದರೆ ಶುಕ್ರವಾರ ಬೇರೆ ಪೋಸ್ಟರ್ ಬೀಳುತ್ತದೆ.

ಕನ್ನಡ ಚಿತ್ರವೊಂದನ್ನು ಜನ ನಿಜಕ್ಕೂ ಬಯಸಿದರೇ ಎಂದು ತಿಳಿಯಬೇಕಾದರೆ ಕೆ.ಜಿ. ರಸ್ತೆಯ ನೂರನೇ ದಿನಕ್ಕಿಂತ ಸುಂಕದಕಟ್ಟೆಯ ಎರಡನೇ ಸೋಮವಾರ ಹೆಚ್ಚು ನಂಬಬಹುದಾದ ಸಾಕ್ಷಿ ಎಂಬುದು ಈ ಲೇಖನದ ವಾದ. ನೂರು ದಿನದ ದಾಖಲೆಗಳೆಲ್ಲ ಸುಳ್ಳು ಎಂದು ಇದರರ್ಥವಲ್ಲ. ಆ ದಾಖಲೆಯೊಳಗೆ ಎರಡು ಬೇರೆ ಬೇರೆ ಆಸೆಗಳು ಬೆರೆತಿವೆ. ಒಂದು, ಚಿತ್ರ ನೋಡಬೇಕೆಂಬ ಆಸೆ. ಇನ್ನೊಂದು, ಚಿತ್ರ ಓಡುತ್ತಿರಬೇಕೆಂಬ ಆಸೆ. ಇವೆರಡನ್ನು ಬೇರ್ಪಡಿಸದೆ ಜನಪ್ರಿಯತೆಯ ಚರಿತ್ರೆ ಬರೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ಇದೇ ತೊಡಕು ಅಮೆರಿಕದ ಕ್ರೀಡಾಂಗಣಗಳಲ್ಲೂ ಇದೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ತವರಿನ ಪಂದ್ಯಗಳ ಟಿಕೆಟ್ಟುಗಳು 1962ರ ನವೆಂಬರ್ 3ರಿಂದ ಒಂದೂ ತಪ್ಪದೆ ಪೂರ್ತಿ ಮಾರಾಟವಾಗಿವೆ ಎಂಬುದು ಆ ರಾಜ್ಯದ ದೊಡ್ಡ ಹೆಮ್ಮೆ. ತಂಡ ಸೋಲುತ್ತಾ ಬಂದ ವರ್ಷಗಳಲ್ಲಿ ಆ ಸರಣಿ ಉಳಿದದ್ದು ಹೇಗೆ? 2021ರಲ್ಲಿ ಉಳಿದ ಟಿಕೆಟ್ಟುಗಳನ್ನು ದಾನಿಗಳಿಂದ ಕೊಳ್ಳಿಸಿ, ಅನುಕೂಲವಿಲ್ಲದ ಮಕ್ಕಳಿಗೆ ಹಂಚುವ ಯೋಜನೆ ಬಂತು. ಮಕ್ಕಳು ಪಂದ್ಯ ನೋಡಿದ್ದು ಒಳ್ಳೆಯದೇ, ಆದರೆ ಆ ಟಿಕೆಟ್ಟುಗಳನ್ನು ಕೊಂಡದ್ದು ಪಂದ್ಯದ ಆಸೆಯಲ್ಲ, ದಾಖಲೆಯ ಆಸೆ. ಬಾಸ್ಟನ್ನಿನ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ 2003ರ ಮೇ ತಿಂಗಳಿನಿಂದ 2013ರ ಏಪ್ರಿಲ್‌ವರೆಗೆ 820 ಪಂದ್ಯಗಳ ಸರಣಿಯನ್ನು ಎಣಿಸಿತು. ಪುಕ್ಕಟೆ ಹಂಚಿದ ಟಿಕೆಟ್ಟುಗಳೂ ಆ ಎಣಿಕೆಗೆ ಸೇರುತ್ತಿದ್ದವು. ನೋಟರ್‌ಡೇಮ್ ವಿಶ್ವವಿದ್ಯಾಲಯವಾದರೋ 273 ಪಂದ್ಯಗಳ ಸರಣಿ 2019ರ ನವೆಂಬರಿನಲ್ಲಿ ಮುರಿಯಲು ಬಿಟ್ಟಿತು. ಒಂದೇ ಬಗೆಯ ದಾಖಲೆಯನ್ನು ಒಂದು ಕಡೆ ಕಾಸು ಕೊಟ್ಟು ಉಳಿಸಿಕೊಂಡರು, ಇನ್ನೊಂದು ಕಡೆ ಕೈಬಿಟ್ಟರು. ಸರಣಿಯ ಉದ್ದ ನೋಡಿ ಯಾರ ಅಭಿಮಾನಿಗಳು ಹೆಚ್ಚು ಎಂದು ಹೇಳಲಾಗದು.

ಕರ್ನಾಟಕದಲ್ಲಿ ಈ ಪ್ರಶ್ನೆಯ ಬೇರು ಇರುವುದು ಬಾಡಿಗೆ ಪದ್ಧತಿಯಲ್ಲಿ. ಸಿಂಗಲ್ ಸ್ಕ್ರೀನ್ ಚಿತ್ರಮಂದಿರಗಳು ಬಹುಕಾಲದಿಂದ ಕನ್ನಡ ಚಿತ್ರಗಳಿಗೆ ವಾರದ ಬಾಡಿಗೆಗೆ ಸಿಗುತ್ತ ಬಂದಿವೆ. ನಿರ್ಮಾಪಕ ಅಥವಾ ಹಂಚಿಕೆದಾರ ವಾರಕ್ಕಿಷ್ಟು ಎಂದು ಕೊಡುತ್ತಾನೆ. ಜನ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಗಳಿಕೆಯನ್ನು ಇಂತಿಷ್ಟು ಪಾಲೆಂದು ಹಂಚಿಕೊಳ್ಳುವ ಪರ್ಸೆಂಟೇಜ್ ಪದ್ಧತಿಗಾಗಿ ನಿರ್ಮಾಪಕರು ಮತ್ತೆ ಮತ್ತೆ ಒತ್ತಾಯಿಸಿದ್ದಾರೆ, ಪ್ರದರ್ಶಕರು ಒಪ್ಪದೆ ಹಿಂಜರಿದಿದ್ದಾರೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಈ ಜಗ್ಗಾಟ ಕೋವಿಡ್ ನಂತರವೂ ನಡೆಯಿತು. ಪಾಲಿನ ಪದ್ಧತಿಯಲ್ಲಿ ಖಾಲಿ ಕುರ್ಚಿಯ ನಷ್ಟ ಚಿತ್ರಮಂದಿರಕ್ಕೂ ತಟ್ಟುವುದರಿಂದ ಅದು ಚಿತ್ರವನ್ನು ತೆಗೆಯುತ್ತದೆ. ಬಾಡಿಗೆ ಪದ್ಧತಿಯಲ್ಲಿ ಆ ನಷ್ಟವೆಲ್ಲ ಬಾಡಿಗೆ ಕಟ್ಟಿದವನ ಪಾಲು. ಅವನು ಹೊರಲು ಸಿದ್ಧನಿದ್ದರೆ ಚಿತ್ರ ನಿಲ್ಲುವುದಿಲ್ಲ.

ಎಷ್ಟು ಹೊರಬೇಕು? ಊಹೆಯ ಅಂಕಿಗಳಿಂದಲೇ ನೋಡಬಹುದು. ಏಳುನೂರು ಆಸನದ ಚಿತ್ರಮಂದಿರ, ಟಿಕೆಟ್ಟಿಗೆ 100 ರೂಪಾಯಿ, ದಿನಕ್ಕೆ ನಾಲ್ಕು ಆಟ, ವಾರದ ಬಾಡಿಗೆ 3 ಲಕ್ಷ ಎಂದಿಟ್ಟುಕೊಳ್ಳಿ. ಇಪ್ಪತ್ತೆಂಟು ಆಟವೂ ತುಂಬಿದರೆ ತೆರಿಗೆ ಬಿಟ್ಟು ಲೆಕ್ಕ ಹಾಕಿದರೂ ವಾರಕ್ಕೆ 19.6 ಲಕ್ಷ. ಐದರಲ್ಲೊಂದು ಕುರ್ಚಿ ತುಂಬಿದರೆ 3.92 ಲಕ್ಷ, ಬಾಡಿಗೆ ಕಳೆದು ಇನ್ನೂ ಮಿಗುತ್ತದೆ. ಶೇಕಡ 12ಕ್ಕೆ ಇಳಿದರೆ ಬರುವುದು 2,35,200, ಕೈಯಿಂದ ಹಾಕಬೇಕಾದದ್ದು ಸುಮಾರು 65 ಸಾವಿರ. ನೂರು ದಿನವೆಂದರೆ ಹದಿನಾಲ್ಕು ವಾರದ ಮೇಲೆ ಎರಡು ದಿನ. ಹತ್ತನೇ ವಾರಕ್ಕೆ ಸೊರಗಿದ ಚಿತ್ರವನ್ನು ಶತದಿನಕ್ಕೆ ಮುಟ್ಟಿಸಲು ಮೂರು ಮೂರೂವರೆ ಲಕ್ಷ ಸಾಕು. ಪತ್ರಿಕೆಗಳ ಜಾಹೀರಾತಿನ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವಲ್ಲ, ಅದರಿಂದ ಸಿಗುವ ಹೆಸರು ಮಾತ್ರ ಬಹುಕಾಲ ಉಳಿಯುತ್ತದೆ. ನಾಯಕನ ಮುಂದಿನ ಚಿತ್ರದ ಸಂಭಾವನೆ, ಹಂಚಿಕೆಯ ಹಕ್ಕಿನ ಬೆಲೆ, ಟಿವಿ ಹಕ್ಕಿನ ಮಾತುಕತೆ ಎಲ್ಲದರಲ್ಲೂ ‘ನೂರು ದಿನ’ ಎಂಬ ಮಾತಿಗೆ ತೂಕವಿದೆ. ದಿನಕ್ಕೆ ನಾಲ್ಕು ಆಟದ ಬದಲು ಬೆಳಗಿನ ಒಂದೇ ಆಟಕ್ಕೆ ಇಳಿಸಿದರಂತೂ ಖರ್ಚು ಇನ್ನೂ ಕಡಿಮೆ. ದಿನದ ಎಣಿಕೆ ಮಾತ್ರ ನಿಲ್ಲದೆ ಸಾಗುತ್ತದೆ.

ಹಾಗಾದರೆ ನಿಜವಾದ ಲೆಕ್ಕ ಎಲ್ಲಿರುತ್ತದೆ? ಡಿ.ಸಿ.ಆರ್. ಎಂದು ಎಲ್ಲರೂ ಕರೆಯುವ ದಿನದ ವಸೂಲಿ ವರದಿಯಲ್ಲಿ. ಒಂದೊಂದು ಆಟಕ್ಕೆ, ಒಂದೊಂದು ತರಗತಿಗೆ ಒಂದೊಂದು ಸಾಲು: ಬಾಲ್ಕನಿ, ಮಧ್ಯದ ತರಗತಿ, ಮುಂದಿನ ಗಾಂಧಿ ಕ್ಲಾಸು. ಪ್ರತಿ ಸಾಲಿನಲ್ಲೂ ಟಿಕೆಟ್ ದರ, ಆ ಆಟಕ್ಕೆ ಹರಿದ ಮೊದಲ ಟಿಕೆಟ್ಟಿನ ಕ್ರಮಸಂಖ್ಯೆ, ಕೊನೆಯ ಟಿಕೆಟ್ಟಿನ ಕ್ರಮಸಂಖ್ಯೆ, ಮಾರಾಟವಾದದ್ದೆಷ್ಟು, ಒಟ್ಟು ಹಣ, ತೆರಿಗೆ, ಉಳಿದದ್ದು. ಮ್ಯಾಟ್ನಿಯ ಕೊನೆಯ ಸಂಖ್ಯೆಯ ಮುಂದಿನದೇ ಫಸ್ಟ್ ಶೋನ ಮೊದಲ ಸಂಖ್ಯೆ. ಹೀಗಾಗಿ ನಡುವೆ ಟಿಕೆಟ್ ಕದ್ದರೆ ಕಾಗದದ ಮೇಲೆ ತೆರಪು ಕಾಣುತ್ತದೆ. ಚಿತ್ರಮಂದಿರದ ಬದುಕಿನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತನಾಡುವ ದಾಖಲೆ ಇನ್ನೊಂದಿಲ್ಲ. ವಾರ ಮುಗಿದಂತೆ ಇವು ಹಳೆಯ ಕಾಗದಗಳೊಂದಿಗೆ ಮೂಲೆ ಸೇರುವುದು ಕನ್ನಡ ಸಿನಿಮಾ ಚರಿತ್ರೆಗೆ ಆಗಿರುವ ದೊಡ್ಡ ನಷ್ಟ.

ಆ ದಾಖಲೆಗೂ ಒಂದು ಮಿತಿಯಿತ್ತು. 1958ರ ಮನರಂಜನಾ ತೆರಿಗೆ ಕಾಯ್ದೆಯಡಿ ಮಾರಿದ ಟಿಕೆಟ್ಟಿನ ಮೇಲೆ ತೆರಿಗೆ ಬೀಳುತ್ತಿತ್ತು. ತೆರಿಗೆಯ ಮುಂದೆ ಜನರನ್ನು ಕಡಿಮೆ ತೋರಿಸಿದರೆ ಲಾಭ, ಜಾಹೀರಾತಿನಲ್ಲಿ ಹೆಚ್ಚು ತೋರಿಸಿದರೆ ಲಾಭ. ಒಂದೇ ಸಂಜೆಯ ಒಂದೇ ಆಟಕ್ಕೆ ಕಾಗದ ಒಂದು ದಿಕ್ಕಿಗೆ ಎಳೆಯಿತು, ಹೌಸ್‌ಫುಲ್ ಬೋರ್ಡು ಇನ್ನೊಂದು ದಿಕ್ಕಿಗೆ ಎಳೆಯಿತು. ಕನ್ನಡ ಚಿತ್ರಗಳಿಗೆ ತೆರಿಗೆ ವಿನಾಯಿತಿ ಸಿಕ್ಕ ಮೇಲೆ ಮೊದಲ ಎಳೆತ ಸಡಿಲವಾಯಿತು, ಎರಡನೆಯದು ಹಾಗೆಯೇ ಉಳಿಯಿತು. ಬೇರೆ ಬೇರೆ ದಶಕಗಳ ಅಂಕಿಗಳನ್ನು ಅಕ್ಕಪಕ್ಕ ಇಡುವ ಸಂಶೋಧಕರು ಇದನ್ನು ಗಮನಿಸಲೇಬೇಕು.

ಅಭಿಮಾನಿ ಸಂಘಗಳ ವಿಷಯ ಇನ್ನೂ ಸೂಕ್ಷ್ಮ. ಮೊದಲ ದಿನದ ಆಟಗಳ ಟಿಕೆಟ್ಟುಗಳನ್ನು ಕಟ್ಟುಕಟ್ಟಾಗಿ ಕೊಂಡು ಬಡಾವಣೆಯ ಹುಡುಗರಿಗೆ ಹಂಚುವುದು, ಐವತ್ತನೇ ದಿನ ಮತ್ತೆ ಸೇರುವುದು, ಒಂದೇ ಚಿತ್ರವನ್ನು ಹತ್ತಾರು ಸಲ ನೋಡುವುದು ಪಶ್ಚಿಮ ಬೆಂಗಳೂರಿನ ಗಾರೆ ಕೆಲಸದವರಿಗೆ, ಆಟೋ ಚಾಲಕರಿಗೆ, ಕಾರ್ಖಾನೆ ಕಾರ್ಮಿಕರಿಗೆ ಹೊಸದೇನಲ್ಲ. ಸುಂಕದಕಟ್ಟೆಯಿಂದ ಕೆಲವೇ ಕಿಲೋಮೀಟರ್ ದೂರದ ಕಂಠೀರವ ಸ್ಟುಡಿಯೋ ಆವರಣದಲ್ಲಿ 2006ರಿಂದ ರಾಜ್‌ಕುಮಾರ್ ಸಮಾಧಿ, 2021ರಿಂದ ಪುನೀತ್ ಸಮಾಧಿ ಇವೆ. ಅಲ್ಲಿಗೆ ಬರುವವರ ಸಾಲು ನೋಡಿದರೆ ಈ ಪ್ರೀತಿ ಬಾಡಿಗೆಗೆ ಬಂದದ್ದಲ್ಲ ಎಂದು ತಿಳಿಯುತ್ತದೆ. ತನ್ನ ದುಡಿಮೆಯ ಹಣದಲ್ಲಿ ಹತ್ತನೇ ಸಲ ಟಿಕೆಟ್ ಕೊಳ್ಳುವವನನ್ನು ನಕಲಿ ಪ್ರೇಕ್ಷಕ ಎನ್ನುವುದು ಅನ್ಯಾಯ. ಆದರೂ ಅವನ ಹತ್ತು ಟಿಕೆಟ್ಟುಗಳು ಹತ್ತು ಜನರಲ್ಲ. ನಾಯಕನ ಮೇಲೆ ಎಷ್ಟು ಆಳವಾದ ಅಭಿಮಾನವಿದೆ ಎಂದು ಅವು ಹೇಳಬಲ್ಲವು, ಚಿತ್ರ ಎಷ್ಟು ಮನೆಗಳನ್ನು ತಲುಪಿತು ಎಂದು ಹೇಳಲಾರವು.

ಹಳೆಯ ದಾಖಲೆಗಳನ್ನು ಈ ಕಣ್ಣಿನಿಂದ ಓದಿದರೆ ಕೆಲವು ಇನ್ನೂ ಗಟ್ಟಿಯಾಗುತ್ತವೆ. ‘ಬಂಗಾರದ ಮನುಷ್ಯ’ 1972ರ ಮಾರ್ಚ್‌ನಲ್ಲಿ ತೆರೆಕಂಡು, ಮುಂದೆ ಭೂಮಿಕಾ ಎಂದು ಹೆಸರಾದ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಚಿತ್ರ ನೋಡಬೇಕೆಂದರೆ ಚಿತ್ರಮಂದಿರಕ್ಕೇ ಬರಬೇಕಿತ್ತು, ಪ್ರಿಂಟುಗಳೂ ಕೈಬೆರಳೆಣಿಕೆಯಷ್ಟು. ಈಗ ಮೂರು ವಾರದಲ್ಲಿ ನೂರಾರು ಪರದೆಗಳಿಗೆ ಹಂಚಿಹೋಗುವ ಜನ ಆಗ ಕೆಲವೇ ಬಾಗಿಲುಗಳ ಮುಂದೆ ತಿಂಗಳುಗಟ್ಟಲೆ ಸರದಿ ನಿಂತರು. ಅಲ್ಲಿ ಸರಣಿಯ ಉದ್ದಕ್ಕೂ ಬೇಡಿಕೆಗೂ ನೇರ ಸಂಬಂಧವಿತ್ತು. ‘ಕೆ.ಜಿ.ಎಫ್. ಚಾಪ್ಟರ್ 2’ 2022ರ ಏಪ್ರಿಲ್ 14ರಂದು ಏಕಕಾಲಕ್ಕೆ ಸಾವಿರಾರು ಪರದೆಗಳಲ್ಲಿ ಬಂದಾಗ ಆ ಸಂಬಂಧ ಕಡಿದುಹೋಗಿತ್ತು. ಇಷ್ಟು ಅಗಲಕ್ಕೆ ಬಿಡುಗಡೆಯಾದ ಚಿತ್ರಕ್ಕೆ ನೂರು ದಿನದ ಅಳತೆಯೇ ಹೊಂದುವುದಿಲ್ಲ.

‘ಮುಂಗಾರು ಮಳೆ’ಯದು ಬೇರೆ ಬಗೆ. 2006ರ ಡಿಸೆಂಬರ್ 29ರಂದು ಬಂದ ಆ ಚಿತ್ರ ಕೋರಮಂಗಲದ ಪಿ.ವಿ.ಆರ್. ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಮಲ್ಟಿಪ್ಲೆಕ್ಸು ನಡೆಯುವುದು ಪಾಲಿನ ಲೆಕ್ಕದಲ್ಲಿ, ಖಾಲಿ ಪರದೆಯನ್ನು ಸುಮ್ಮನೆ ಇಟ್ಟುಕೊಳ್ಳಲು ಅದಕ್ಕೆ ಕಾರಣವಿಲ್ಲ. ಆದ್ದರಿಂದ ಆ ಸರಣಿಗೆ ಸಾಕ್ಷಿಯಾಗಿ ಹೆಚ್ಚಿನ ಬೆಲೆಯಿದೆ. ಆದರೆ ಮಲ್ಟಿಪ್ಲೆಕ್ಸಿನ ಸಣ್ಣ ಪರದೆಯ ದಿನಕ್ಕೊಂದು ಆಟವನ್ನೂ, 1968ರಿಂದ 2017ರವರೆಗೆ ಸಾವಿರಕ್ಕೂ ಹೆಚ್ಚು ಆಸನಗಳೊಂದಿಗೆ ನಡೆದ ಕಪಾಲಿಯಂಥ ಚಿತ್ರಮಂದಿರದ ನಾಲ್ಕು ಆಟವನ್ನೂ ಒಂದೇ ‘ದಿನ’ ಎಂದು ಎಣಿಸುವುದು ಸರಿಯಲ್ಲ. ಇನ್ನು 1995ರ ‘ಓಂ’. ಅದನ್ನು ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಮಾಡಲಾಗಿದೆ. ಎರಡು ದಶಕ ಅದು ಟಿವಿಗೆ ಬರಲಿಲ್ಲ ಎಂಬುದೂ ಇದಕ್ಕೆ ಒಂದು ಕಾರಣ. ಹಳೆಯ ಚಿತ್ರವನ್ನು ಮತ್ತೆ ಹಾಕುವವರಿಗೆ ಪ್ರತಿಷ್ಠೆಯ ಹಂಗಿಲ್ಲ, ಆ ವಾರ ನಾಲ್ಕು ಕಾಸು ಹುಟ್ಟಬೇಕು ಅಷ್ಟೇ. ಬೇಡಿಕೆಯ ಅಳತೆಗೋಲಾಗಿ ಮರುಬಿಡುಗಡೆ ಶತದಿನೋತ್ಸವಕ್ಕಿಂತ ಮೇಲು.

ಬಡಾವಣೆ ಚಿತ್ರಮಂದಿರದ ಎರಡನೇ ಸೋಮವಾರಕ್ಕೆ ಇಷ್ಟು ಮಹತ್ವ ಕೊಡುವುದೂ ಇದೇ ಕಾರಣಕ್ಕೆ. ಮೊದಲ ವಾರಾಂತ್ಯಕ್ಕೆ ಅಭಿಮಾನಿಗಳು ಬಂದು ಹೋಗಿರುತ್ತಾರೆ, ಎರಡನೇ ಭಾನುವಾರ ಸಂಸಾರಸ್ಥರು ಬಂದಿರುತ್ತಾರೆ. ಸೋಮವಾರದ ಫಸ್ಟ್ ಶೋಗೆ ಪೀಣ್ಯದ ಪಾಳಿ ಮುಗಿಸಿ, ಹೆಗ್ಗನಹಳ್ಳಿಯ ಬಾಡಿಗೆ ಮನೆಗೆ ಹೋಗುವ ಮುನ್ನ ಟಿಕೆಟ್ ಕೊಳ್ಳುವವನನ್ನು ಯಾರೂ ಕಳಿಸಿಲ್ಲ. ಪಕ್ಕದ ಮನೆಯವರು ‘ಚೆನ್ನಾಗಿದೆ, ನೋಡಿ’ ಎಂದದ್ದಕ್ಕೆ ಬಂದಿರುತ್ತಾನೆ. ಇಲ್ಲಿ ಸಂಬಳದ ತಾರೀಖನ್ನೂ ಮರೆಯುವಂತಿಲ್ಲ. ದಶಕಗಳ ಕಾಲ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆ ತಿಂಗಳ ಏಳರೊಳಗೆ, ಉಳಿದವು ಹತ್ತರೊಳಗೆ ಸಂಬಳ ಕೊಡಬೇಕಿತ್ತು. ತಿಂಗಳ ಕೊನೆಯ ಸೋಮವಾರ ಕುರ್ಚಿ ಖಾಲಿ ಉಳಿದರೆ ಚಿತ್ರದ ಮೇಲೆ ಬೇಸರ ಎಂದು ತೀರ್ಮಾನಿಸುವುದು ಅವಸರ. ಜೇಬು ಖಾಲಿ ಇರಬಹುದು.

ಆಟಗಳ ಸಂಖ್ಯೆ ಏರಿತೇ ಇಳಿಯಿತೇ ಎಂಬುದು ಇನ್ನೊಂದು ಸುಳಿವು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಂತು. ಬೇರೆ ಭಾಷೆಗಳ ಅವತರಣಿಕೆಗಳು ಬಂದದ್ದು ಎರಡು ವಾರದ ನಂತರ, ಜನ ಕೇಳಿದ ಮೇಲೆ. ಜೆ.ಪಿ. ತೂಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ 2025ರ ಜುಲೈ 25ರಂದು ದೊಡ್ಡ ತಾರೆಯ ಬಲವಿಲ್ಲದೆ ಬಂದು, ಮೊದಲ ವಾರಾಂತ್ಯದಲ್ಲೇ ಆಟಗಳನ್ನು ಹೆಚ್ಚಿಸಿಕೊಂಡಿತು. ಇದ್ದ ಆಟಗಳನ್ನು ಉಳಿಸಿಕೊಳ್ಳಲು ಹಣ ಸಾಕು. ಆದರೆ ಪ್ರದರ್ಶಕರು ಬೇರೆ ಚಿತ್ರವನ್ನು ತೆಗೆದು ಇದಕ್ಕೆ ಹೊಸ ಆಟ ಕೊಡಬೇಕಾದರೆ ಟಿಕೆಟ್ ಕಿಟಕಿಯ ಮುಂದೆ ಜನ ನಿಂತಿರಬೇಕು. ಆಪ್‌ಗಳಲ್ಲಿ ಬಣ್ಣ ಬದಲಿಸುವ ಆಸನ ನಕ್ಷೆ ಈ ಗೊಂದಲವನ್ನು ನೀಗಿಸಿಲ್ಲ. ಸಾಲುಗಟ್ಟಲೆ ಒಬ್ಬರೇ ಕೊಂಡರೂ ಅಲ್ಲಿ ಕಾಣುವುದು ‘ಭರ್ತಿ’ ಎಂದೇ.

ನಂಬಬಹುದಾದ ಅಂಕಿಗಳಿಗೆ ಒಂದು ದಾರಿ ಇತ್ತೀಚೆಗೆ ಅನಿರೀಕ್ಷಿತವಾಗಿ ತೆರೆದುಕೊಂಡಿತ್ತು. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಸರ್ಕಾರ ಗೆದ್ದರೆ ಪ್ರೇಕ್ಷಕರಿಗೆ ಹಣ ಮರಳಿಸಬೇಕಾದೀತು ಎಂದು ವಿಭಾಗೀಯ ಪೀಠ ಮಲ್ಟಿಪ್ಲೆಕ್ಸುಗಳು ಮಾರುವ ಪ್ರತಿ ಟಿಕೆಟ್ಟಿನ ವಿವರವನ್ನು ತಪಾಸಣೆಗೆ ಸಿಗುವಂತೆ ಇಡಬೇಕೆಂದು ಷರತ್ತು ಹಾಕಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತುಗಳಿಗೆ ತಡೆ ಕೊಟ್ಟಿತು. ಪ್ರೇಕ್ಷಕರ ಜೇಬು ಕಾಯಲು ಹುಟ್ಟಿದ ಆ ದಾಖಲೆ ಉಳಿದಿದ್ದರೆ ಯಾವ ಆಟಕ್ಕೆ ಎಷ್ಟು ಟಿಕೆಟ್ ಹೋಯಿತು, ಎಷ್ಟನ್ನು ಒಟ್ಟಾಗಿ ಕೊಂಡರು ಎಂದು ತಿಳಿಯುತ್ತಿತ್ತು. ಸಿಂಗಲ್ ಸ್ಕ್ರೀನ್ ಚಿತ್ರಮಂದಿರಗಳಿಗೆ ಆ ಷರತ್ತು ಮೊದಲಿಗೇ ಅನ್ವಯಿಸಿರಲಿಲ್ಲ. ಅಲ್ಲಿನ ಲೆಕ್ಕ ಬೇಕೆಂದರೆ ಉಳಿದಿರುವ ಡಿ.ಸಿ.ಆರ್. ಕಡತಗಳನ್ನು ಚಲನಚಿತ್ರ ಅಕಾಡೆಮಿಯೋ ವಿಶ್ವವಿದ್ಯಾಲಯಗಳೋ ಈಗಲೇ ಕೇಳಿ ಪಡೆದು, ಚಿತ್ರಮಂದಿರಗಳು ಒಂದೊಂದಾಗಿ ಕಲ್ಯಾಣ ಮಂಟಪ, ಮಳಿಗೆಗಳಾಗುವ ಮುನ್ನ, ನಕಲು ಮಾಡಿ ಇಡಬೇಕು.