ಗಂಧದ ಕೋಠಿಯ ನೆರಳಲ್ಲಿ ಬೆಳೆದ ಕಲೆ

ಸರ್ಕಾರಿ ಗಂಧದ ಕೋಠಿಗಳಲ್ಲಿ ಶ್ರೀಗಂಧವನ್ನು 18 ದರ್ಜೆಗಳಾಗಿ ವಿಂಗಡಿಸುವುದು ಹಳೆಯ ಪದ್ಧತಿ. ಮೊದಲ ದರ್ಜೆಗೆ ‘ವಿಲಾಯತ್ ಬುದ್ಧ’, ಎರಡನೆಯದಕ್ಕೆ ‘ಚೀನಾ ಬುದ್ಧ’, ಮೂರನೆಯದಕ್ಕೆ ‘ಪಂಜಂ’ ಎಂದು ಹೆಸರು. ಟೊಳ್ಳಿಲ್ಲದ, ಕನಿಷ್ಠ 9 ಕಿಲೋ ತೂಗುವ ಕೊರಡಷ್ಟೇ ವಿಲಾಯತ್ ಬುದ್ಧ. ದೇವರ ಮೂರ್ತಿ ಕಡೆಯುವವರಿಗೆ ಬೇಕಾದದ್ದೂ ಇಂಥದೇ ಕೊರಡು. ಅದು ಅವರ ಕೈಗೆ ಎಷ್ಟು ಬಂತು, ಯಾರ ಮೂಲಕ ಬಂತು ಎಂಬುದರ ಮೇಲೆಯೇ ಈ ಕಲೆಯ ಏಳುಬೀಳು ನಿಂತಿದೆ.

ಈ ಕಲೆಯನ್ನು ತಲೆಮಾರುಗಳಿಂದ ಕಾಪಾಡಿದವರು ಮಲೆನಾಡಿನ ಗುಡಿಗಾರರು. ಸಾಗರ, ಸೊರಬ, ಶಿರಸಿ, ಸಿದ್ದಾಪುರ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರ ಇವರ ನೆಲೆಗಳು. ಪೂರ್ವಿಕರು ಗೋವೆಯ ಕಡೆಯಿಂದ ಬಂದವರೆಂಬುದು ಇವರಲ್ಲಿ ಉಳಿದುಬಂದ ಮಾತು. ಗಂಧದ ಕೆತ್ತನೆಯೊಂದನ್ನೇ ನಂಬಿ ಕುಳಿತವರಲ್ಲ. ಮದುವೆಗೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪತಿ ಮಾಡುವ ಕೈಗಳೂ ಇವೇ. ಬಿ. ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರ್‌ನಲ್ಲಿ ಇವರ ಕೆಲಸದ ವಿವರವಿದೆ.

ಕೊರಡಿನ ಹೊರಗಿನ ಬಿಳಿ ಭಾಗಕ್ಕೆ ಪರಿಮಳವಿಲ್ಲ. ಅದನ್ನು ಸವರಿ ತೆಗೆದರೆ ಒಳಗೆ ಹಳದಿ-ಕಂದು ಬಣ್ಣದ ಚೇಗು. ನಕ್ಷೆಯನ್ನು ಮರದ ಮೇಲೆಯೇ ಬರೆಯುತ್ತಾರೆ, ಇಲ್ಲವೇ ಕಾಗದದ ಮೇಲೆ ಬರೆದು ಅಂಟಿಸುತ್ತಾರೆ. ಆಮೇಲೆ ಉಳಿ, ಕೊಡತಿಗಳ ಕೆಲಸ. ಕೊನೆಕೊನೆಗೆ ಉಳಿ ಸೂಜಿಯಷ್ಟು ಸಣ್ಣದಾಗುತ್ತದೆ. ಚೇಗಿನ ಎಳೆ ಅಷ್ಟು ಒತ್ತಾಗಿರುವುದರಿಂದಲೇ ವೇಣುಗೋಪಾಲನ ಬೆರಳು, ಸರಸ್ವತಿಯ ವೀಣೆಯ ತಂತಿ, ಗಜಲಕ್ಷ್ಮಿಯ ಆನೆಗಳ ಸೊಂಡಿಲು ಮುರಿಯದೆ ಮೂಡುತ್ತವೆ. ಮೂರ್ತಿಯ ಲಕ್ಷಣಕ್ಕೆ ಧ್ಯಾನಶ್ಲೋಕಗಳು, ಶಿಲ್ಪಶಾಸ್ತ್ರದ ತಾಳಮಾನದ ಅಳತೆಗಳು ಆಧಾರ. ಕಣ್ಣಿಗೆ ಪಾಠವಂತೂ ಊರ ಪಕ್ಕದಲ್ಲೇ ಇತ್ತು: ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ, ಬನವಾಸಿಯ ಮಧುಕೇಶ್ವರ.

ಗಂಧದ ಮರ ಹೆಚ್ಚು ದಪ್ಪವಾಗುವುದಿಲ್ಲ. ಒಂದೇ ಕೊರಡಿನಲ್ಲಿ ದೊಡ್ಡ ಮೂರ್ತಿ ತೆಗೆಯುವುದು ಅಪರೂಪ. ಹಾಗಾಗಿ ದೇವರುಗಳು ಅಂಗೈಯಲ್ಲಿ ಹಿಡಿಯುವಷ್ಟಕ್ಕೆ ಇಳಿದರು, ಪೆಟ್ಟಿಗೆಗಳ ಮುಚ್ಚಳದ ಮೇಲೆ ಬಳ್ಳಿಗಳ ನಡುವೆ ಬಂದು ಕುಳಿತರು. ಬ್ರಿಟಿಷರ ಕಾಲದಲ್ಲಿ ಹೊರದೇಶದವರು ಮೆಚ್ಚಿದ್ದು ಈ ಪೆಟ್ಟಿಗೆಗಳನ್ನೇ. ಕೊಂಡವರಿಗೆ ಕೆತ್ತಿದವನ ಹೆಸರು ಮಾತ್ರ ತಿಳಿಯುತ್ತಿದ್ದುದು ಕಡಿಮೆ. ಇದು ಈ ಚರಿತ್ರೆಯ ದೊಡ್ಡ ನಷ್ಟ.

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಮುಂದಿನ ಅರಸರ ಕಾಲದಲ್ಲೂ ಅದೇ ನಡೆಯಿತು. ಮರ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ್ದೇ. ಈ ಕಾನೂನಿನಿಂದ ಮರ ಬಹುಕಾಲ ಉಳಿಯಿತು, ಕೆತ್ತುವವನು ಮಾತ್ರ ಕೋಠಿಯ ಬಾಗಿಲು ಕಾಯುವಂತಾಯಿತು. ಅವನ ಎದುರು ಎಣ್ಣೆಯ ಬೇಡಿಕೆಯೂ ನಿಂತಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧ ಕಳಿಸುವುದು ನಿಂತಾಗ ಮೈಸೂರಿನಲ್ಲಿ, 1944ರಲ್ಲಿ ಶಿವಮೊಗ್ಗದಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದವು. ಎಣ್ಣೆಗೆ ಬೇರು, ಚಕ್ಕೆ ಯಾವುದಾದರೂ ಸಾಕು. ಮೂರ್ತಿಗೆ ಬೇಕಾದದ್ದು ಅಖಂಡ ಕೊರಡು.

ವಿಧಾನಸೌಧದ ಸಚಿವ ಸಂಪುಟ ಸಭಾಂಗಣದ ಗಂಧದ ಬಾಗಿಲು ನೋಡಿದವರಿಗೆ ನಾಡು ಈ ಕಲೆಗೆ ಕೊಟ್ಟ ಗೌರವ ಕಾಣುತ್ತದೆ. 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದರ ‘ಕಾವೇರಿ’ ಮಳಿಗೆಗಳು ಮಾರಾಟಕ್ಕೆ ದಾರಿಯಾದವು. ಅಷ್ಟರಲ್ಲಿ ಕಾಡೇ ಬಡವಾಗತೊಡಗಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ ಒಂದು ಕಡೆ, ಕಳ್ಳಸಾಗಣೆ ಇನ್ನೊಂದು ಕಡೆ. ಕೊರಡು ಸಿಗದ ಕುಶಲಕರ್ಮಿಗಳು ಶಿವನಿ ಮರಕ್ಕೆ ಕೈ ಹಚ್ಚಿದರು. ಬೇರೆ ಮರಕ್ಕೆ ಗಂಧದ ವಾಸನೆ ಸವರಿ ಮಾರುವವರೂ ಹುಟ್ಟಿಕೊಂಡರು. ನಿಜವಾದ ಗಂಧದ ಕೆಲಸಕ್ಕೆ ಇದರಿಂದಾದ ಕೇಡು ಸಣ್ಣದಲ್ಲ.

2001ರ ತಿದ್ದುಪಡಿ ಗಂಧದ ಮರದ ಒಡೆತನವನ್ನು ಜಮೀನಿನವರಿಗೆ ಕೊಟ್ಟ ಮೇಲೆ ರೈತರು ತೋಟಗಳಲ್ಲಿ ಶ್ರೀಗಂಧ ನೆಡತೊಡಗಿದರು. ಎಣ್ಣೆಗೆ ಸಾಲುವಷ್ಟು ಚೇಗು ಮೂಡಿದ ಕೂಡಲೇ ಕಡಿದರೆ ಸಾಗರ, ಸೊರಬದ ಉಳಿಗಳಿಗೆ ಸಿಗುವುದು ಸಣ್ಣ ತುಂಡುಗಳಷ್ಟೇ. ಮೂರ್ತಿಗೆ ಒದಗುವ ದಪ್ಪದ ಕೊರಡಿಗೆ ಇನ್ನೂ ಹಲವು ವರ್ಷ ಕಾಯಬೇಕು, ಅಷ್ಟು ಕಾಲವೂ ಮರವನ್ನು ಕಳ್ಳರಿಂದ ಕಾಯಬೇಕು.