ಕಾಲೇಜು ಗಣಕ ಪ್ರಯೋಗಾಲಯದ ಸ್ಕ್ಯಾನರ್ ಬಳಕೆ: ಆನ್‌ಲೈನ್ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳಿಗೆ ಮಾಹಿತಿ

ಪೀಠಿಕೆ

ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ವಿದ್ಯಾರ್ಥಿನಿಲಯ ಪ್ರವೇಶ ಮುಂತಾದ ಸೌಲಭ್ಯಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವಾಗ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಲಗತ್ತಿಸಬೇಕಾಗಬಹುದು. ಅಂತಹ ಸಂದರ್ಭದಲ್ಲಿ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಯ ಮುಂದೆ ಮೂಲ ದಾಖಲೆ ಇರುವುದಿಲ್ಲ. ಅದರ ಪ್ರತಿ ಮಾತ್ರ ಇರುತ್ತದೆ. ನೋಂದಣಿ ಸಂಖ್ಯೆಯ ಒಂದು ಅಂಕೆ ಓದಲು ಬಾರದಿದ್ದರೂ ಅರ್ಹ ವಿದ್ಯಾರ್ಥಿಯ ಅರ್ಜಿ ಹಿಂದಿರುಗಬಹುದು. ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದಿದ್ದರೆ ಆ ವರ್ಷದ ಸೌಲಭ್ಯವೇ ಕೈತಪ್ಪುವ ಸಂಭವವಿರುತ್ತದೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯ.

1. ಸ್ಕ್ಯಾನ್ ಮಾಡುವ ಮುನ್ನ

ಯಾವ ದಾಖಲೆಗೆ ಸ್ಕ್ಯಾನ್ ಪ್ರತಿ ಬೇಕು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಅ) ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಯನ್ನು ನಮೂದಿಸಲಾಗುತ್ತದೆ. ಈ ಸಂಖ್ಯೆಯು ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದಲ್ಲಿ ಮುದ್ರಿತವಾಗಿರುತ್ತದೆ.

ಆ) ಇ-ದೃಢೀಕರಣ ಅಗತ್ಯವಿರುವ ದಾಖಲೆಗಳಿಗಾಗಿ, ಮೂಲ ದಾಖಲೆಯೊಂದಿಗೆ ಕಾಲೇಜಿನ ಇ-ದೃಢೀಕರಣ ಅಧಿಕಾರಿಯನ್ನು ಸಂಪರ್ಕಿಸತಕ್ಕದ್ದು.

ಇ) ಅರ್ಜಿಯ ಪುಟದಲ್ಲಿ ಸೂಚಿಸಿರುವ ಕಡತದ ನಮೂನೆ (ಪಿಡಿಎಫ್ ಅಥವಾ ಜೆಪೆಗ್) ಹಾಗೂ ಗರಿಷ್ಠ ಗಾತ್ರವನ್ನು ಬರೆದಿಟ್ಟುಕೊಂಡು ಪ್ರಯೋಗಾಲಯಕ್ಕೆ ತೆರಳುವುದು.

2. ದಾಖಲೆಯನ್ನು ಇರಿಸುವ ಕ್ರಮ

ಅ) ಸ್ಕ್ಯಾನರಿನ ಗಾಜನ್ನು ಒಣ, ಮೃದು ಬಟ್ಟೆಯಿಂದ ಒರೆಸತಕ್ಕದ್ದು. ಗಾಜಿನ ಮೇಲೆ ನೇರವಾಗಿ ದ್ರವ ಸಿಂಪಡಿಸಬಾರದು. ಅದು ಅಂಚಿನ ಮೂಲಕ ಒಳಗೆ ಇಳಿಯುವ ಸಾಧ್ಯತೆಯಿರುತ್ತದೆ.

ಆ) ಮಡಿಕೆಗಳನ್ನು ಸರಿಪಡಿಸಿ, ಸ್ಟೇಪಲ್ ಪಿನ್ ತೆಗೆದು, ಬರಹದ ಭಾಗ ಕೆಳಮುಖವಾಗಿರುವಂತೆ, ಗುರುತು ಮಾಡಿರುವ ಮೂಲೆಗೆ ಹೊಂದಿಸಿ ಇಡುವುದು. ತೆಳುವಾದ ಸ್ಕ್ಯಾನರುಗಳಲ್ಲಿ ಕಾಗದವು ಗಾಜಿನಿಂದ ಸ್ವಲ್ಪ ಮೇಲೆದ್ದರೂ ಆ ಭಾಗ ಮಸುಕಾಗುತ್ತದೆ. ಬ್ಯಾಂಕ್ ಪಾಸ್‌ಪುಸ್ತಕವನ್ನು ಬಿಡಿಸಿಟ್ಟು, ಮುಚ್ಚಳವನ್ನು ಮೃದುವಾಗಿ ಒತ್ತಿ ಹಿಡಿಯುವುದು ಸೂಕ್ತ.

ಇ) ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರಗಳು ಮೂಡುತ್ತಿದ್ದಲ್ಲಿ, ದಾಖಲೆಯ ಹಿಂದೆ ಒಂದು ಕಪ್ಪು ಹಾಳೆಯನ್ನು ಇರಿಸುವುದು.

ಈ) ಲ್ಯಾಮಿನೇಟ್ ಮಾಡಿಸಿದ ಅಂಕಪಟ್ಟಿಯ ಮೇಲೆ ಬೆಳಕು ಪ್ರತಿಫಲಿಸಿ ಅಕ್ಷರಗಳು ಅಳಿಸಿದಂತೆ ಕಂಡಲ್ಲಿ, ಅದರ ದಿಕ್ಕನ್ನು ಬದಲಿಸಿ ಮತ್ತೊಮ್ಮೆ ಪ್ರಯತ್ನಿಸುವುದು. ಲ್ಯಾಮಿನೇಷನ್ ಹಾಳೆಯನ್ನು ಕಿತ್ತುಹಾಕಲು ಯತ್ನಿಸಬಾರದು.

3. ಸಾಂದ್ರತೆ ಮತ್ತು ಬಣ್ಣದ ಆಯ್ಕೆ

ಒಂದು ಅಂಗುಲದಲ್ಲಿ ಸ್ಕ್ಯಾನರ್ ದಾಖಲಿಸುವ ಚುಕ್ಕೆಗಳ ಸಂಖ್ಯೆಯನ್ನು ಡಿಪಿಐ ಎನ್ನುತ್ತಾರೆ. ಸಾಮಾನ್ಯ ಮುದ್ರಿತ ದಾಖಲೆಗೆ 200 ಡಿಪಿಐ, ಸಣ್ಣ ಅಕ್ಷರಗಳಿಗೆ ಅಥವಾ ಮಸುಕಾದ ಮೊಹರಿಗೆ 300 ಡಿಪಿಐ ಸಾಕಾಗುತ್ತದೆ. ಎ4 ಅಳತೆಯ ಒಂದು ಪುಟವನ್ನು ಸಂಕುಚಿಸದೆ ಉಳಿಸಿದರೆ ಅದರ ಗಾತ್ರ ಸುಮಾರು ಹೀಗಿರುತ್ತದೆ:

– 200 ಡಿಪಿಐ, ಬೂದು ಛಾಯೆ: 4 ಎಂಬಿ
– 300 ಡಿಪಿಐ, ಬೂದು ಛಾಯೆ: 8 ಎಂಬಿ
– 300 ಡಿಪಿಐ, ಬಣ್ಣ: 25 ಎಂಬಿ
– 600 ಡಿಪಿಐ, ಬಣ್ಣ: 100 ಎಂಬಿ

ಡಿಪಿಐ ಎರಡು ಪಟ್ಟಾದರೆ ಗಾತ್ರ ನಾಲ್ಕು ಪಟ್ಟಾಗುತ್ತದೆ. ಕೇವಲ ಕಪ್ಪು-ಬಿಳುಪು ಆಯ್ಕೆಯಲ್ಲಿ ಕಡತ ಚಿಕ್ಕದಾಗುತ್ತದೆಯಾದರೂ, ತಿಳಿ ನೀಲಿ ಶಾಯಿಯ ಸಹಿ ಮತ್ತು ಮೊಹರು ಕಾಣದೆ ಹೋಗಬಹುದು. ಸಹಿ, ಮೊಹರು ಇರುವ ದಾಖಲೆಗಳಿಗೆ ಬೂದು ಛಾಯೆ ಅಥವಾ ಬಣ್ಣದ ಆಯ್ಕೆಯೇ ಉತ್ತಮ.

4. ಗಾತ್ರವನ್ನು ಕಡಿಮೆ ಮಾಡುವುದು

ಮೊದಲು ದಾಖಲೆಯ ಸುತ್ತಲಿನ ಖಾಲಿ ಭಾಗವನ್ನು ಕತ್ತರಿಸಿ, ಅನಂತರ ಸಂಕುಚಿಸುವುದು. ಆದರೂ ಮಿತಿ ಮೀರಿದಲ್ಲಿ ಕಡಿಮೆ ಡಿಪಿಐಯಲ್ಲಿ ಹೊಸದಾಗಿ ಸ್ಕ್ಯಾನ್ ಮಾಡತಕ್ಕದ್ದು. ಒಂದೇ ಜೆಪೆಗ್ ಕಡತವನ್ನು ತಿದ್ದಿ ಪದೇ ಪದೇ ಉಳಿಸಿದಲ್ಲಿ ಪ್ರತಿ ಬಾರಿಯೂ ಅಕ್ಷರಗಳ ಸ್ಪಷ್ಟತೆ ಕುಗ್ಗುತ್ತದೆ.

5. ಸಲ್ಲಿಸುವ ಮುನ್ನ ಪರಿಶೀಲನೆ

ಕಡತವನ್ನು ತೆರೆದು, ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ಸಹಿ ಮತ್ತು ಮೊಹರುಗಳನ್ನು ಓದಿ ನೋಡತಕ್ಕದ್ದು. ಪುಟದ ನಾಲ್ಕೂ ಅಂಚುಗಳು ಕಾಣುವಂತಿರಬೇಕು. ಹಿಂಬದಿಯಲ್ಲಿ ವಿವರವಿದ್ದಲ್ಲಿ ಅದನ್ನೂ ಸ್ಕ್ಯಾನ್ ಮಾಡಿ ಅದೇ ಪಿಡಿಎಫ್‌ನಲ್ಲಿ ಸೇರಿಸುವುದು. ಅರ್ಜಿಗೆ ಲಗತ್ತಿಸಿದ ನಂತರವೂ ಅದನ್ನು ಒಮ್ಮೆ ತೆರೆದು ನೋಡುವುದರಿಂದ, ಬೇರೆ ದಾಖಲೆ ಸೇರಿಹೋಗುವುದನ್ನು ತಪ್ಪಿಸಬಹುದು.

6. ಪ್ರಯೋಗಾಲಯದಿಂದ ಹೊರಡುವ ಮುನ್ನ

ಪ್ರಯೋಗಾಲಯದ ಗಣಕಯಂತ್ರವನ್ನು ದಿನವಿಡೀ ಹಲವರು ಬಳಸುತ್ತಾರೆ. ಅದರಲ್ಲಿ ಉಳಿದುಹೋದ ಆಧಾರ್ ಅಥವಾ ಪಾಸ್‌ಪುಸ್ತಕದ ಪ್ರತಿ ಅನ್ಯರ ಕೈಸೇರಿ ದುರುಪಯೋಗವಾಗಬಹುದು. ಆದ್ದರಿಂದ:

ಅ) ಕಡತಗಳನ್ನು ಸ್ವಂತ ಪೆನ್‌ಡ್ರೈವ್‌ಗೆ ವರ್ಗಾಯಿಸಿ, ಅವು ತೆರೆಯುತ್ತವೆಯೇ ಎಂದು ನೋಡಿಕೊಳ್ಳುವುದು.

ಆ) ಸ್ಕ್ಯಾನ್ ತಂತ್ರಾಂಶವು ಕಡತಗಳನ್ನು ಉಳಿಸಿರುವ ಫೋಲ್ಡರ್, ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್‌ಗಳಿಂದ ಅವುಗಳನ್ನು ಅಳಿಸಿ, ರಿಸೈಕಲ್ ಬಿನ್‌ನಿಂದಲೂ ತೆಗೆದುಹಾಕುವುದು.

ಇ) ಅರ್ಜಿಯ ತಂತ್ರಾಂಶ ಮತ್ತು ಇ-ಮೇಲ್‌ನಿಂದ ಲಾಗ್‌ಔಟ್ ಆಗುವುದು; ಪಾಸ್‌ವರ್ಡ್ ಉಳಿಸಲು ಸಮ್ಮತಿಸದಿರುವುದು.

ಈ) ಗಾಜಿನ ಮೇಲೆ ಮೂಲ ದಾಖಲೆ ಉಳಿದಿದೆಯೇ ಎಂದು ಮುಚ್ಚಳ ತೆರೆದು ನೋಡುವುದು.

ಆಧಾರ್ ಪ್ರತಿ ಅಗತ್ಯವಿದ್ದು, ಪೂರ್ಣ ಸಂಖ್ಯೆಯನ್ನು ಕೋರಿರದಿದ್ದಲ್ಲಿ, ಕೊನೆಯ 4 ಅಂಕೆಗಳು ಮಾತ್ರ ಕಾಣುವ ಮರೆಮಾಚಿದ ಆಧಾರ್ ಅನ್ನು ಬಳಸಬಹುದು.

7. ಸ್ಕ್ಯಾನ್ ಪ್ರತಿಯ ಮಾನ್ಯತೆ

ಸ್ಕ್ಯಾನ್ ಪ್ರತಿಯು ಮೂಲ ದಾಖಲೆಗೆ ಬದಲಿಯಲ್ಲ. ಪರಿಶೀಲನೆಯ ವೇಳೆ ಮೂಲವನ್ನು ಹಾಜರುಪಡಿಸಬೇಕಾಗಬಹುದು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ, ದಾಖಲೆ ನೀಡಿದ ಸಂಸ್ಥೆಯೇ ಒದಗಿಸಿರುವ ಪ್ರತಿಗಳಿಗೆ ನಿಯಮಾನುಸಾರ ಮೂಲಕ್ಕೆ ಸಮಾನವಾದ ಮಾನ್ಯತೆ ಇರುತ್ತದೆ. ವಿದ್ಯಾರ್ಥಿಯು ತಾನೇ ಸ್ಕ್ಯಾನ್ ಮಾಡಿ ಅಲ್ಲಿ ಸೇರಿಸಿದ ಪ್ರತಿಗೆ ಈ ಮಾನ್ಯತೆ ಅನ್ವಯಿಸುವುದಿಲ್ಲ.

ಓದಲು ಅನುಕೂಲವಾಗುವಂತೆ ಪ್ರತಿಯ ಬೆಳಕು ಅಥವಾ ಓರೆಯನ್ನು ಸರಿಪಡಿಸುವುದು ತಪ್ಪಲ್ಲ. ಆದರೆ ಅಂಕ, ಹೆಸರು, ದಿನಾಂಕಗಳನ್ನು ಮೋಸದ ಉದ್ದೇಶದಿಂದ ಬದಲಾಯಿಸುವುದು ಅಪರಾಧ. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 336ರ ಫೋರ್ಜರಿ ವ್ಯಾಖ್ಯೆಯು ವಿದ್ಯುನ್ಮಾನ ದಾಖಲೆಗಳನ್ನೂ ಒಳಗೊಂಡಿದೆ.

ಸೂಚನೆ: ಕೊನೆಯ ದಿನಗಳಲ್ಲಿ ಪ್ರಯೋಗಾಲಯದಲ್ಲಿ ದಟ್ಟಣೆ ಹೆಚ್ಚಿರುವ ಕಾರಣ, ಅರ್ಜಿ ಆಹ್ವಾನಿಸಿದ ಕೂಡಲೇ ಸ್ಕ್ಯಾನ್ ಕಾರ್ಯವನ್ನು ಪೂರೈಸಿಕೊಳ್ಳುವುದು ಸೂಕ್ತ. ಸ್ಕ್ಯಾನರ್ ಕೆಟ್ಟಿದ್ದಲ್ಲಿ ಪ್ರಯೋಗಾಲಯದ ಮೇಲ್ವಿಚಾರಕರ ಅಥವಾ ಪ್ರಾಂಶುಪಾಲರ ಗಮನಕ್ಕೆ ತರತಕ್ಕದ್ದು.