ಶಾಲಾ ಆರೋಗ್ಯ ಕೇಂದ್ರಗಳ ಪರವಾನಗಿ: ನ್ಯೂಯಾರ್ಕ್ ರಾಜ್ಯ

ಅಮೆರಿಕದಲ್ಲಿ ಶಾಲೆಯೊಳಗಿನ ಆರೋಗ್ಯ ಕೇಂದ್ರಗಳಿಗೆ ದೇಶಕ್ಕೆಲ್ಲ ಒಂದೇ ಪರವಾನಗಿಯಿಲ್ಲ. ನಿಯಮ ಆಯಾ ರಾಜ್ಯದ್ದು. ನ್ಯೂಯಾರ್ಕಿನಲ್ಲಿ ಪರವಾನಗಿ ಇರುವುದು ಶಾಲೆಯ ಹೆಸರಿಗಲ್ಲ, ರಾಜ್ಯದ ಸಾರ್ವಜನಿಕ ಆರೋಗ್ಯ ಕಾಯ್ದೆಯ 28ನೇ ವಿಧಿಯಡಿ ಮಾನ್ಯತೆ ಪಡೆದ ಆಸ್ಪತ್ರೆ ಅಥವಾ ಚಿಕಿತ್ಸಾ ಕೇಂದ್ರದ ಹೆಸರಿಗೆ. ಶಾಲೆಯ ಕೋಣೆ ಅದರ ವಿಸ್ತರಣಾ ಕ್ಲಿನಿಕ್ ಅಷ್ಟೆ. ಈ ಏರ್ಪಾಡೇ ಸರಿ. ಉಬ್ಬಸವಿರುವ ಮಗುವಿಗೆ ರಾತ್ರಿ ಉಸಿರು ಕಟ್ಟಿದಾಗ ಶಾಲೆಗೆ ಬೀಗ ಬಿದ್ದಿರುತ್ತದೆ. ಆಗ ಹೊಣೆ ಹೊರಬೇಕಾದ್ದು ಪ್ರಾಯೋಜಕ ಸಂಸ್ಥೆ, ಅಂದರೆ ಪರವಾನಗಿ ಹೊಂದಿರುವ ಆ ಆಸ್ಪತ್ರೆ ಅಥವಾ ಚಿಕಿತ್ಸಾ ಕೇಂದ್ರ. ಇದರಿಂದ ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ ಹಳ್ಳಿಗಾಡಿನ ಶಾಲೆಗಳಿಗೆ ಕೇಂದ್ರವೇ ಸಿಗುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರ ಹೆಚ್ಚಿನ ಅನುದಾನವೇ ಹೊರತು ಸಡಿಲ ಪರವಾನಗಿಯಲ್ಲ: ಲಸಿಕೆಯ ಫ್ರಿಜ್ಜಿನ ತಾಪಮಾನವನ್ನು ದಿನವೂ ಬರೆದಿಡುವ ಶಿಸ್ತು ಹಳ್ಳಿಯ ಮಗುವಿಗೂ ಅಷ್ಟೇ ಬೇಕು. ಶಾಲೆಯಲ್ಲೇ ಚಿಕಿತ್ಸೆ ಕೊಟ್ಟರೆ ಪೋಷಕರ ಹಕ್ಕು ಕಸಿದಂತಾಗುತ್ತದೆ ಎಂಬ ಇನ್ನೊಂದು ಆಕ್ಷೇಪ ಮಾತ್ರ ನಿಲ್ಲದು. ಕಾಯ್ದೆ ಕೊಟ್ಟ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೇಂದ್ರದಲ್ಲಿ ಮಗುವಿನ ನೋಂದಣಿಗೆ ಅವರ ಒಪ್ಪಿಗೆ ಬೇಕೇ ಬೇಕು.